ಬಾಳೆಗೊನೆಗೆ 5,000, ಪಾಸ್‌ಬುಕ್ ನೋಡ್ಲಿಕ್ಕೆ ಟೈಮಿಲ್ಲ

ಮಾನ್ಯ ಸಂಪಾದಕರೇ,

ಅಕ್ಟೋಬರ್ ಬಂತಂದ್ರೆ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ, ಅಂದ್ರೆ ಚರ್ಚುಗಳಲ್ಲಿ, ಬೆಳೆ ಹಬ್ಬದ ಗೌಜಿ. ಮನೆಯಲ್ಲಿ ಬೆಳೆದದ್ದು ತಂದು ದೇವರ ಮುಂದೆ ಇಡುದು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ಹೋದ ವರ್ಷ ಒಂದು ಕದಳಿ ಗೊನೆ 200ರಿಂದ ಹೊರಟು ಸಾವಿರ, ಎರಡು ಸಾವಿರ ಅಂತ ಏರ್ತಾ ಹೋಯ್ತು, ಹಿಡಿದವರು ವಾಪಸ್ ಟೇಬಲ್ ಮೇಲಿಟ್ಟು ಇನ್ನೊಮ್ಮೆ ಕೂಗಿ ಅಂದ್ರು, ಕಡೆಗೆ 5,000ಕ್ಕೆ ನನ್ನ ತಲೆಗೆ ಬಿತ್ತು. ಎಲ್ಲ ಚಪ್ಪಾಳೆ ತಟ್ಟಿದ್ರು. ನಂಗೂ ಖುಷಿಯೇ ಆಯ್ತು, ಸುಳ್ಳು ಹೇಳುದೆಂತಕ್ಕೆ.

ಗೊನೆಯನ್ನು ಕಾರಿನ ಡಿಕ್ಕಿಗೆ ಹಾಕುವಾಗ ಸಭೆಯ ಒಬ್ರು ಅಕ್ಕ ಬಂದು ಪ್ಲಾಸ್ಟಿಕ್ ತೊಟ್ಟೆಯಿಂದ ಪಾಸ್‌ಬುಕ್ ತೆಗೆದು, ವಿಧವಾ ವೇತನ ಏಳು ತಿಂಗಳಿಂದ ಬರ್ಲಿಲ್ಲ ಸಾರ್, ಎಲ್ಲಿ ಕೇಳುದು ಅಂದ್ರು. ನಾನು 31 ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತವ. ಆದ್ರೆ ಹೇಳಿದ್ದೆಂತ? 'ಸೋಮವಾರ ನೋಡುವ ಅಕ್ಕ, ಈಗ ಟೈಮಿಲ್ಲ.' ಮನೆಗೆ ಬಂದು ಕೋಳಿ ಸುಕ್ಕ ಊಟ ಮಾಡಿ ಸಂಜೆವರೆಗೆ ಮೊಬೈಲಲ್ಲಿ ರೀಲ್ಸ್ ನೋಡಿದೆ. ಆ ಸೋಮವಾರ ಬರ್ಲೇ ಇಲ್ಲ. ಎರಡು ತಿಂಗಳು ಕಳೆದು ನೋಡಿದ್ರೆ ಅವರ ಆಧಾರ್ ಇನ್ನೊಂದು ಹಳೆ ಖಾತೆಗೆ ಜೋಡಣೆ ಆಗಿತ್ತು, ಯಾವ ಕಾಲದಲ್ಲಿ ತೆಗೆದದ್ದೋ ಏನೋ, ದುಡ್ಡೆಲ್ಲ ಅಲ್ಲಿ ಹೋಗಿ ಕೂತಿತ್ತು. ಅಷ್ಟೊತ್ತಿಗೆ ಅವರು ಬಿಪಿ ಮಾತ್ರೆಗೆ ಸಂಘದಲ್ಲಿ ಸಾಲ ಮಾಡಿ ಆಗಿತ್ತು.

ಬೈಬಲಿನ ಮತ್ತಾಯ 25ರಲ್ಲಿ ಯೇಸು ಹೇಳಿದ ತಲಾಂತಿನ ಕತೆ ನಮಗೆಲ್ಲ ಬಾಯಿಪಾಠ, ಧಣಿ ಊರು ಬಿಟ್ಟು ಹೋಗುವಾಗ ಆಳುಗಳ ಕೈಗೆ ತಲಾಂತಿನ ಲೆಕ್ಕದಲ್ಲಿ ದುಡ್ಡು ಕೊಟ್ಟ, ಐದು ತಲಾಂತು ಸಿಕ್ಕಿದವ ಹತ್ತು ಮಾಡಿದ, ಎರಡು ಸಿಕ್ಕಿದವ ನಾಲ್ಕು ಮಾಡಿದ, ಒಂದು ಸಿಕ್ಕಿದವ ಹೆದರಿ ಮಣ್ಣಲ್ಲಿ ಹೂತಿಟ್ಟ. ಒಂದು ಅಂದ ಕೂಡ್ಲೇ ಪಾಪ ಬಡವ ಅಂತ ಕಾಣ್ತದೆ. ಆದ್ರೆ ಒಂದು ತಲಾಂತು ಅಂದ್ರೆ ಆ ಕಾಲದ ಸುಮಾರು 6,000 ದಿನದ ಕೂಲಿ, ಹತ್ರತ್ರ 20 ವರ್ಷದ ದುಡಿಮೆ ಮಾರಾಯ್ರೇ! ನಾನು ಹೂತಿಟ್ಟದ್ದು 31 ವರ್ಷದ್ದು. ಈಗ ನಮ್ಮಲ್ಲಿ ತಲಾಂತು ಅಂದ್ರೆ ದುಡ್ಡಲ್ಲ, ಟ್ಯಾಲೆಂಟ್, ಅದೂ ಸಂಡೇ ಸ್ಕೂಲಿನ ಹಾಡು, ಡ್ಯಾನ್ಸು, ವಚನ ಬಾಯಿಪಾಠದ ಸ್ಪರ್ಧೆ ಅಂತ ಆಗಿದೆ, ಮೈಕ್ ಹಿಡಿದ್ರೆ ತಲಾಂತು, ಅರ್ಜಿ ತುಂಬಿಸಿದ್ರೆ ಅಲ್ಲ, ವೈರಿಂಗ್ ಮಾಡಿದ್ರೆ ಅಲ್ಲ, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸ್ಲಿಕ್ಕೆ ಗೊತ್ತಿದ್ರೆ ಅದಂತೂ ಅಲ್ಲವೇ ಅಲ್ಲ. ಕಾಣಿಕೆ ಅಂದ್ರೂ ಚೀಲಕ್ಕೆ ಬಿದ್ದ ನೋಟು ಮಾತ್ರ.

ನಮ್ಮ ಊರಿನ ಹಿರಿಯರು ಹಾಗೆ ಎಣಿಸಿರ್ಲಿಲ್ಲ. ಮಂಗಳೂರಿನ ಪ್ರೆಸ್ ಕೆಲಸಕ್ಕೆ ಅಂತ ಬಂದ ಬಾಸೆಲ್ ಮಿಶನ್ನಿನ (ಸ್ವಿಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಪ್ಲೆಬ್ಸ್ಟ್ ಇಲ್ಲಿನ ಜೇಡಿಮಣ್ಣು ನೋಡಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ಯಾಕಂದ್ರೆ ಆಗ ಕ್ರೈಸ್ತರಾದವರಿಗೆ ಕುಲಕಸುಬೂ ಹೋಗ್ತಿತ್ತು, ಕೂತ ಮನೆಯೂ ಹೋಗ್ತಿತ್ತು, ಬರೀ ಪ್ರಾರ್ಥನೆಯಿಂದ ಗಂಜಿ ಬೇಯುದಿಲ್ಲ. ಅದರಲ್ಲಿ ಲಾಭದ ಲೆಕ್ಕವೂ ಇತ್ತು, ಇಲ್ಲ ಅನ್ನುದಿಲ್ಲ. ಆದ್ರೂ ಕತೆಯ ಆ ಆಳು ಮಣ್ಣಲ್ಲಿ ದುಡ್ಡು ಹೂತ, ಇವರು ಮಣ್ಣಿಂದ ಜನರಿಗೆ ಕೂಲಿ ತೆಗೆದ್ರು. ಮಿಜೋರಾಂನ ಸಭೆಗಳಲ್ಲಿ 1910ರಿಂದ ಹೆಂಗಸರು ಅನ್ನಕ್ಕೆ ಇಡುವಾಗೆಲ್ಲ ಒಂದು ಮುಷ್ಟಿ ಅಕ್ಕಿ ಬೇರೆ ತೆಗೆದಿಡ್ತಾರೆ, ಅದೇ ಒಟ್ಟಾಗಿ ಸಭೆಯ ಕೆಲಸಕ್ಕೆ ಹೋಗ್ತದೆ, ಅಲ್ಲಿ ಏಲಮ್ಮೂ ಇಲ್ಲ, ಚಪ್ಪಾಳೆಯೂ ಇಲ್ಲ.

ಕಮಿಟಿಯವರಿಗೆ ನಾನು ಕೇಳಿದ್ದು ಇಷ್ಟೇ. ಬೆಳೆ ಹಬ್ಬದ ಟೇಬಲಲ್ಲಿ ಕುಂಬಳಕಾಯಿ, ಸೀಯಾಳದ ಪಕ್ಕ ಒಂದು ಡಬ್ಬ ಇಡಿ, ಯಾರ ಹತ್ರ ಎಷ್ಟು ಗಂಟೆ ಉಂಟೋ ಚೀಟಿಯಲ್ಲಿ ಬರೆದು ಹಾಕ್ಲಿ. ಎಸ್ಸೆಸ್ಸೆಲ್ಸಿ ಗಣಿತ, ಶನಿವಾರ ಎರಡು ಗಂಟೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಕ್ಕೆ ಕಾರು, ತಿಂಗಳಿಗೆ ಎರಡು ಸಲ. ಇದನ್ನು ಏಲಂ ಮಾಡುದು ಬೇಡ, ಬೇಕಾದವರಿಗೆ ಕೊಡುವ, ನಮ್ಮ ಸಭೆಯವರೇ ಆಗ್ಬೇಕು ಅಂತಲೂ ಇಲ್ಲ. ವಾರದಲ್ಲಿ ಆರು ದಿನ ಬೀಗ ಹಾಕಿರುವ ಹಾಲ್ ಉಂಟಲ್ಲ, ಅಲ್ಲೇ ಟ್ಯೂಷನ್ ಆಗ್ಲಿ. 'ಲೈಟ್ ಬಿಲ್ ಯಾರು ಕಟ್ಟುದು' ಅಂತ ಒಬ್ರು ಕೇಳಿದ್ರು, ಆ ಗೊನೆಗೆ ಕೊಟ್ಟ 5,000 ಎಲ್ಲಿ ಹೋಯ್ತು ಅಂತ ನಾನು ಕೇಳಿದೆ, ಮೀಟಿಂಗು ಅಲ್ಲಿಗೇ ಮುಗೀತು.

ಅವರು ಹೂಂ ಅನ್ನುವವರೆಗೆ ಅಂತ ಮೂರು ಶನಿವಾರದಿಂದ ಬೆಳಿಗ್ಗೆ 10ರಿಂದ 12ರವರೆಗೆ ಚರ್ಚಿನ ಜಗಲಿಯಲ್ಲಿ ಒಂದು ಸ್ಟೂಲು, ಎರಡು ಪೆನ್ನು ಇಟ್ಕೊಂಡು ಕೂತ್ಕೊಳ್ತಾ ಇದ್ದೇನೆ. ಮೊದಲ ವಾರ ಯಾರೂ ಬರ್ಲಿಲ್ಲ, ಎರಡನೇ ವಾರ ಮೀನು ಮಾರುವ ಒಬ್ರು ಬಂದ್ರು, ಹೋದ ವಾರ ಅವರೇ ಮತ್ತೆ ಮೂರು ಜನರನ್ನು ಕರ್ಕೊಂಡು ಬಂದ್ರು.

- ನಿವೃತ್ತ ಬ್ಯಾಂಕ್ ನೌಕರ, ಮಂಗಳೂರು