ಒಲ್ಲೆ ಎಂದವಳನ್ನು ಬರೆಯುವಾಗ

ಚಿತ್ರದುರ್ಗ

ಪ್ರೀತಿಯ ತಮ್ಮಾ,

ನಿನ್ನ ಕಥೆ ತಲುಪಿತು. ಓದಿ ಮುಗಿಸಿದಾಗ ಮೊದಲು ಅನ್ನಿಸಿದ್ದು, ಈ ಹುಡುಗ ನಿಜವಾಗಿಯೂ ನೊಂದಿದ್ದಾನೆ ಅಂತ. ‘ವಯಸ್ಸು, ಮರೆತು ಹೋಗುತ್ತೆ ಬಿಡು’ ಅನ್ನುವವರ ಮಾತಿಗೆ ಕಿವಿಗೊಡಬೇಡ. ಒಮ್ಮುಖದ ಪ್ರೀತಿಯಲ್ಲಿ ಅನ್ನ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಸಮಾಧಾನ ಹೇಳುವವರೂ ಬರುವುದಿಲ್ಲ. ಸಾವಾದರೆ ಸೂತಕವಿದೆ, ತಿಥಿಯಿದೆ. ಮದುವೆ ಮುರಿದರೆ ಹಿರಿಯರು ಕೂತು ಮಾತಾಡುತ್ತಾರೆ. ಶುರುವೇ ಆಗದ್ದು ಮುಗಿದುಹೋಯಿತು ಅಂತ ಯಾರ ಹತ್ತಿರ ಹೇಳಿಕೊಳ್ಳುವುದು?

ಬರೆಯುವವರಿಗೂ ಇದು ಕಷ್ಟದ ವಸ್ತು. ಘಟನೆಗಳೇ ಇಲ್ಲ, ಬರೀ ಕಾಯುವುದು. ಆ ಖಾಲಿ ಜಾಗಕ್ಕೆ ಕಣ್ಣೀರು, ಬೆಳದಿಂಗಳು, ಒಡೆದ ಹೃದಯ ತಂದು ತುಂಬುತ್ತೇವೆ. ನೀನೂ ಧಾರಾಳವಾಗಿ ತುಂಬಿದ್ದೀಯ.

ಆದರೆ ಒಂದು ಕಡೆ ನಾನು ಮುಂದೆ ಓದಲಾಗದೆ ನಿಂತೆ. ದಾವಣಗೆರೆಯ ಆ ಬೆಣ್ಣೆದೋಸೆ ಹೋಟೆಲು. ಅವಳು ಬಂದೇ ಬರುತ್ತಾಳೆಂದು ಹುಡುಗ ಎರಡು ದೋಸೆ ಹೇಳುತ್ತಾನೆ. ಅವಳು ಬರುವುದಿಲ್ಲ. ಮಾಗಿಯ ಚಳಿಗೆ ಎದುರಿನ ತಟ್ಟೆಯ ಬೆಣ್ಣೆ ಆರಿ ಮತ್ತೆ ಬೆಳ್ಳಗೆ ಗಟ್ಟಿಯಾಗುತ್ತದೆ, ಚಟ್ನಿಯ ಅಂಚು ಒಣಗುತ್ತದೆ. ಟೇಬಲ್ ಒರೆಸುವವನು ‘ಅಣ್ಣಾ, ಇದು ತೆಗೀಲಾ?’ ಅನ್ನುತ್ತಾನೆ. ‘ಇರಲಿ’ ಅನ್ನುತ್ತಾನೆ ಇವನು. ತಮ್ಮಾ, ಆ ‘ಇರಲಿ’ ಸಾಕಿತ್ತು. ಅದಾದ ಮೇಲೆ ಒಂದಿಡೀ ಪುಟ ಅವನನ್ನು ಅಳಿಸಿದ್ದೀಯ. ಆ ಪುಟ ತೆಗೆದುಬಿಡು.

12ನೇ ಶತಮಾನದಲ್ಲಿ ಅಕ್ಕಮಹಾದೇವಿ ಇದನ್ನು ಮಾಡಿ ತೋರಿಸಿದ್ದಾಳೆ. ಗಿಳಿಗಳನ್ನು ಕೇಳುತ್ತಾಳೆ, ಕೋಗಿಲೆಗಳನ್ನು, ದುಂಬಿಗಳನ್ನು, ಕೊಳದ ದಡದ ಹಂಸಗಳನ್ನು, ಬೆಟ್ಟದ ನವಿಲುಗಳನ್ನು ಕೇಳುತ್ತಾಳೆ, ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅಂತ. ತನಗೆಷ್ಟು ಸಂಕಟವಾಗಿದೆ ಅಂತ ಅಲ್ಲಿ ಹೇಳಿಕೊಳ್ಳುವುದೇ ಇಲ್ಲ. ಸಿಕ್ಕಸಿಕ್ಕವರನ್ನೆಲ್ಲ ಕೇಳಿಕೊಂಡು ಹೋಗುವುದರಲ್ಲೇ ಹಂಬಲವೆಲ್ಲ ಬಂದುಬಿಟ್ಟಿದೆ.

ಇಷ್ಟು ಬರವಣಿಗೆಯ ಮಾತಾಯಿತು. ನಾನು ಈ ಕಾಗದ ಬರೆಯಲು ಕೂತದ್ದು ಇನ್ನೊಂದು ಕಾರಣಕ್ಕೆ. ಇಡೀ ಕಥೆಯಲ್ಲಿ ಆ ಹುಡುಗಿ ಯಾರು? ಅವಳ ಕಣ್ಣು, ಜಡೆ, ನಗು ಎಲ್ಲ ಇವೆ. ಏನು ಓದುತ್ತಾಳೆ, ಮನೆಯಲ್ಲಿ ಯಾರಿದ್ದಾರೆ, ಯಾವ ಮಾತಿಗೆ ಸಿಟ್ಟು ಬರುತ್ತದೆ, ಅವಳ ಮನಸ್ಸು ಯಾರ ಮೇಲಿದೆ, ಇದ್ಯಾವುದೂ ಇಲ್ಲ. ಹೋಟೆಲಿಗೆ ಬರುತ್ತೇನೆಂದು ಅವಳು ಮಾತು ಕೊಟ್ಟಿದ್ದಳೇ? ಹುಡುಕಿದೆ, ಎಲ್ಲೂ ಸಿಗಲಿಲ್ಲ. ಇವನು ಕರೆದ, ಅವಳು ಸುಮ್ಮನಿದ್ದಳು, ಅಷ್ಟೇ. ಆ ಮೌನವನ್ನು ಒಪ್ಪಿಗೆ ಅಂತ ಓದಿಕೊಂಡವನು ಇವನು. ಕೊನೆಗೆ ಅವಳು ಒಲ್ಲೆ ಅಂದಾಗ ‘ಕಲ್ಲುಮನಸ್ಸಿನವಳು’ ಅಂತ ಬರೆದೆ. ಒಬ್ಬರನ್ನು ಪ್ರೀತಿಸಲು ಆಗದೇ ಇರುವುದು ಕ್ರೌರ್ಯ ಹೇಗಾದೀತು?

ಇನ್ನೂ ಒಂದಿದೆ. ನಿನ್ನ ನಾಯಕ ಅವಳ ಸ್ಕೂಟಿಯ ಹಿಂದೆ ವಿದ್ಯಾನಗರದವರೆಗೂ ಬೈಕಿನಲ್ಲಿ ಹೋಗುತ್ತಾನೆ, ಅವಳು ತಿರುಗಿ ನೋಡಿದ್ದನ್ನು ನೀನು ನಾಚಿಕೆ ಅಂತ ಬರೆದಿದ್ದೀಯ. ಅದನ್ನು ಓದುವ ಯಾವ ಹುಡುಗಿಗೂ ಅದು ಭಯ ಅಂತ ತಕ್ಷಣ ಗೊತ್ತಾಗುತ್ತದೆ. ಬೇಡವೆಂದ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು 2013ರ ತಿದ್ದುಪಡಿಯಿಂದ ಈಚೆಗೆ ಕಾನೂನಿನಲ್ಲೇ ಅಪರಾಧ. ಒಲ್ಲೆ ಅಂದವಳ ಮುಖಕ್ಕೆ ಆಸಿಡ್ ಎರಚಿದ ಸುದ್ದಿಗಳನ್ನು ಓದಿಕೊಂಡು ಬಂದ ಜನ ನಾವು. ಆ ದೃಶ್ಯ ಬೇಕಿದ್ದರೆ ಇರಲಿ, ಆದರೆ ಕನ್ನಡಿಯಲ್ಲಿ ಅವನ ಬೈಕು ಕಂಡಾಗ ಅವಳ ಕೈ ಏನು ಮಾಡಿತು, ಮನೆಯ ತಿರುವು ಬಂದರೂ ತಿರುಗದೆ ಯಾಕೆ ನೇರ ಹೋದಳು, ಅದನ್ನೂ ಬರೆ.

ನಾನೂ ಹಂಬಲಿಸಿದವಳೇ. ಹೇಳಿಕೊಳ್ಳುವ ಧೈರ್ಯ ಆಗ ನಮಗೆಲ್ಲಿತ್ತು? ಅವನು ದಾಟಿ ಹೋಗುವ ಹೊತ್ತಿಗೆ ಸರಿಯಾಗಿ ಬಾಗಿಲ ಮುಂದಿನ ಹಾಸುಗಲ್ಲಿಗೆ ನೀರು ಹಾಕುವ ಕೆಲಸ ಹಚ್ಚಿಕೊಳ್ಳುತ್ತಿದ್ದೆ. ಅವನಿಗದು ಗೊತ್ತೇ ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ಬರೆಯಲು ಕೂತಾಗ ಅವನ ಮುಖ ನೆನಪಿಗೆ ಬರಲಿಲ್ಲ. ನಾನು ತೊಳೆದ ಕಲ್ಲು ಕೆಸರಾಗದಿರಲೆಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದ ಚಪ್ಪಲಿಗಳು ಬಂದವು. ಅವನು ಒಳ್ಳೆಯವನಾಗಿದ್ದ ಅನ್ನುವುದು ನನಗೆ ಹೊಳೆದದ್ದೇ ಆಗ.

ಅದಕ್ಕೇ ಹೇಳುವುದು, ಅವಸರ ಬೇಡ. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ಮೇಲೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ನಿನ್ನ ನೋವು ಇನ್ನೂ ಮೇಲಿನ ಹೊಂಡದಲ್ಲೇ ಇದೆ, ಕಥೆಗೆ ಇಳಿದಿಲ್ಲ. ಅಲ್ಲಿಯವರೆಗೆ ದಿನಾ ಕಂಡದ್ದನ್ನು ಗುರುತು ಹಾಕಿಟ್ಟುಕೋ. ಅವಳ ವಾಟ್ಸಾಪ್ ಡಿಪಿ ಬದಲಾದ ದಿನ, ಕುಂದವಾಡ ಕೆರೆ ಏರಿಯ ಮೇಲೆ ಯಾರದೋ ನಡಿಗೆ ಅವಳದೇ ಅನ್ನಿಸಿದ ಬೆಳಗ್ಗೆ, ಏನಿದ್ದರೂ ಬರಲಿ.

ಈ ಕಥೆಯನ್ನು ಅವಳಿಗೆ ಕಳಿಸಬೇಡ, ಸ್ಟೇಟಸ್‌ಗೂ ಹಾಕಬೇಡ. ಅವಳು ಉತ್ತರ ಕೊಟ್ಟಾಗಿದೆ. ಅಚ್ಚಿಗೆ ಕೊಡುವ ದಿನ ಬಂದರೆ ಅವಳ ಊರು, ಕಾಲೇಜು, ಬೀದಿ ಯಾರಿಗೂ ಗುರುತು ಸಿಗದ ಹಾಗೆ ಬದಲಿಸು.

ಮುಂದಿನ ಸಲ ಅದೇ ಸಂಜೆಯನ್ನು ಅವಳ ಮನೆಯಿಂದ ಶುರು ಮಾಡಿ ನೋಡು. ಇವನು ದೋಸೆ ಮುಂದೆ ಕೂತಿರುವಾಗ ಅವಳು ಏನು ಮಾಡುತ್ತಿದ್ದಳು? ಬರೆದದ್ದನ್ನು ನನಗೆ ಕಳಿಸು, ಅಂಚಿನಲ್ಲಿ ಜಾಗ ಬಿಟ್ಟಿರು. ಊಟ ಬಿಡಬೇಡ.

ನಿನ್ನ ಅಕ್ಕ