ಹಸಿರು ಮೊಸಳೆಯ ಹೆಸರು ಯಾರದ್ದು?

ಮಾನ್ಯ ಸಂಪಾದಕರೇ,

ಇಂಡೊನೇಷ್ಯಾದ ಫುಟ್‌ಬಾಲ್ ನಮ್ಮ ಕ್ರೀಡಾಪುಟಗಳಲ್ಲಿ ಕಾಣಿಸಿಕೊಳ್ಳುವುದು ಅಲ್ಲಿ ಹೆಣಗಳು ಬಿದ್ದಾಗ ಮಾತ್ರ ಎಂಬುದು ನನ್ನ ಬಹುದಿನಗಳ ತಕರಾರು. 2022ರ ಅಕ್ಟೋಬರ್ 1ರಂದು ಪೂರ್ವ ಜಾವಾದ ಮಲಾಂಗ್ ಬಳಿಯ ಕಂಜುರುಹಾನ್ ಕ್ರೀಡಾಂಗಣದಲ್ಲಿ ಪೊಲೀಸರು ಅಶ್ರುವಾಯು ಸಿಡಿಸಿ, ನೂಕುನುಗ್ಗಲಿನಲ್ಲಿ 135 ಜನ ಪ್ರಾಣ ಕಳೆದುಕೊಂಡ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅಂದು ಅರೆಮಾ ತಂಡವನ್ನು ಅದರದೇ ಅಂಗಳದಲ್ಲಿ 3–2ರಿಂದ ಸೋಲಿಸಿದ್ದ ಸುರಬಾಯಾ ನಗರದ ಪೆರ್ಸೆಬಾಯಾ ತಂಡದ ಹೆಸರು ಮಾತ್ರ ‘ಎದುರಾಳಿ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಯಿತು. ಆ ಎದುರಾಳಿಯ ಚರಿತ್ರೆಯನ್ನು ಓದುಗರ ಮುಂದಿಡಬೇಕೆಂಬ ಆಸೆಯಿಂದ, ಪತ್ರದ ಅಳತೆ ಮೀರುವ ಅಳುಕಿದ್ದರೂ, ಇದನ್ನು ಬರೆಯುತ್ತಿದ್ದೇನೆ.

ಈ ಸಂಸ್ಥೆ ಹುಟ್ಟಿದ್ದು 1927ರ ಜೂನ್ 18ರಂದು. ಡಚ್ಚರ ಆಳ್ವಿಕೆಯ ಆ ಕಾಲದಲ್ಲಿ ಸುರಬಾಯಾದಲ್ಲಿ ಡಚ್ಚರದೇ ಆದ ಫುಟ್‌ಬಾಲ್ ಒಕ್ಕೂಟವೊಂದಿತ್ತು. ಅದಕ್ಕೆ ಪ್ರತಿಯಾಗಿ ಪೈಜೊ ಮತ್ತು ಪಾಮುಜಿ ಎಂಬಿಬ್ಬರು ಕಟ್ಟಿದ ದೇಶೀಯರ ಒಕ್ಕೂಟ ತನ್ನ ಹೆಸರಿನಲ್ಲಿ ‘ಇಂಡೊನೇಷ್ಯಾ’ ಎಂಬ ಪದವನ್ನು ಸೇರಿಸಿಕೊಂಡಿತು. ಹಾಗೊಂದು ದೇಶ ಭೂಪಟದಲ್ಲಿ ಇನ್ನೂ ಇಲ್ಲದ ದಿನಗಳಲ್ಲಿ ಅದು ಸಣ್ಣ ಎದೆಗಾರಿಕೆಯೇನಲ್ಲ. 1930ರ ಏಪ್ರಿಲ್ 19ರಂದು ಯೋಗ್ಯಕರ್ತಾದಲ್ಲಿ ಸೇರಿ ಪಿಎಸ್‌ಎಸ್‌ಐ ಎಂಬ ರಾಷ್ಟ್ರೀಯ ಸಂಸ್ಥೆಯನ್ನು ಹುಟ್ಟುಹಾಕಿದ ಏಳು ನಗರಗಳ ಒಕ್ಕೂಟಗಳಲ್ಲಿ ಸುರಬಾಯಾದ ಈ ಒಕ್ಕೂಟವೂ ಒಂದು. ಮುಂದೊಂದು ದಿನ ಅದೇ ಪಿಎಸ್‌ಎಸ್‌ಐ ತನ್ನನ್ನು ಹುಟ್ಟಿಸಿದವರಲ್ಲೊಬ್ಬರಿಗೆ ‘ನೀವು ಯಾರು?’ ಎಂದು ಕೇಳಿತೆಂಬುದೇ ಈ ಕಥೆಯ ತಿರುಳು.

ಒಕ್ಕೂಟ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಒಬ್ಬ ಧಣಿ, ಒಂದು ತಂಡ ಎಂಬ ಅರ್ಥದ ಕ್ಲಬ್ ಇದಾಗಿರಲಿಲ್ಲ. ನಗರದ ಕೇರಿಕೇರಿಗಳ ಸಣ್ಣ ಕ್ಲಬ್‌ಗಳು, ಅರಬ್ ಮೂಲದವರು ಕಟ್ಟಿದ ಅಸ್ಸ್ಯಬಾಬ್, ಚೀನೀ ಮೂಲದವರ ಸೂರ್ಯನಾಗ ಮುಂತಾದವು, ತಮ್ಮೊಳಗೇ ಲೀಗ್ ಆಡಿ ಉತ್ತಮ ಆಟಗಾರರನ್ನು ನಗರದ ತಂಡಕ್ಕೆ ಕಳಿಸಿಕೊಡುತ್ತಿದ್ದವು. ಆದ್ದರಿಂದ ಹಸಿರು ಅಂಗಿ ತೊಟ್ಟು ಮೈದಾನಕ್ಕಿಳಿದವನ ಹಿಂದೆ ಅವನ ಕೇರಿಯೂ ಇರುತ್ತಿತ್ತು. ತಂಡದ ಅಡ್ಡಹೆಸರು ‘ಬಾಜುಲ್ ಇಜೊ’, ಅಂದರೆ ಹಸಿರು ಮೊಸಳೆ. ಸುರ ಎಂಬ ಶಾರ್ಕ್ ಮೀನಿಗೂ ಬಾಯ ಎಂಬ ಮೊಸಳೆಗೂ ನಡೆದ ಕಾಳಗದಿಂದ ಊರಿಗೆ ಸುರಬಾಯಾ ಎಂಬ ಹೆಸರು ಬಂತೆಂಬ ಐತಿಹ್ಯದ ನೆರಳು ಅದರಲ್ಲಿದೆ. ತಂಡದ ಹಳೆಯ ಅಂಗಳದ ಹೆಸರು ನವೆಂಬರ್ 10, ಈಗಿನದರ ಹೆಸರು ಬುಂಗ್ ತೊಮೊ. ಒಂದು ದಿನಾಂಕ, ಇನ್ನೊಂದು ಹೋರಾಟದ ನಾಯಕನೊಬ್ಬನ ಹೆಸರು; ಎರಡೂ ಇಂಡೊನೇಷ್ಯಾದ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷ್ ಪಡೆಯ ವಿರುದ್ಧ ನಡೆದ 1945ರ ಸುರಬಾಯಾ ಕದನದ ಸ್ಮರಣೆಗಳು. ಆ ಕದನದಲ್ಲಿ ಬ್ರಿಟಿಷರ ಪರವಾಗಿ ಬಂದೂಕು ಹಿಡಿದವರಲ್ಲಿ ಬಹುಪಾಲು ಭಾರತೀಯ ಸೈನಿಕರೇ ಆಗಿದ್ದರೆಂಬುದನ್ನು ನಾವು ಸಾಮಾನ್ಯವಾಗಿ ನೆನಪಿಸಿಕೊಳ್ಳುವುದಿಲ್ಲ.

ಪ್ರಶಸ್ತಿಗಳ ಪಟ್ಟಿ ಇಲ್ಲಿ ಬೇಡ. ಆದರೆ ಅಭಿಮಾನದ ಭರದಲ್ಲಿ ಕಳಂಕವನ್ನು ಮುಚ್ಚಿಡುವುದೂ ಸರಿಯಲ್ಲ. 1987ರ ಫೈನಲ್‌ನಲ್ಲಿ ತನ್ನನ್ನು ಸೋಲಿಸಿದ್ದ ಸೆಮರಾಂಗ್ ನಗರದ ತಂಡವನ್ನು ಹೊರದಬ್ಬಲು, ಅದರ ಬದಲು ಪಪುವಾದ ಪೆರ್ಸಿಪುರಾ ಮುಂದಿನ ಸುತ್ತಿಗೆ ಹೋಗುವಂತೆ, 1988ರ ಫೆಬ್ರುವರಿಯಲ್ಲಿ ಪೆರ್ಸೆಬಾಯಾ ತನ್ನ ತವರಿನಲ್ಲೇ ಆ ತಂಡದ ವಿರುದ್ಧ 0–12ರಿಂದ ಸೋತಿತು. ಸೋತಿತು ಎನ್ನುವುದಕ್ಕಿಂತ ಸೋತುಕೊಟ್ಟಿತು ಎನ್ನಬೇಕು. ಅಂಥ ಆಟಕ್ಕೆ ಇಂಡೊನೇಷ್ಯಾದಲ್ಲಿ ‘ಆನೆ ಫುಟ್‌ಬಾಲ್’ ಎಂದು ಹೆಸರು. ಕೆಲವೇ ವಾರಗಳ ಬಳಿಕ ಅದೇ ತಂಡ ಜಕಾರ್ತಾದಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಇದನ್ನು ಜಾಣತನವೆಂದು ಕೊಂಡಾಡುವವರು ಇಂದಿಗೂ ಇದ್ದಾರೆ, ನನಗಂತೂ ಒಪ್ಪಿಗೆಯಿಲ್ಲ. ಬ್ರೆಜಿಲ್‌ನ ಜಾಕ್ಸೆನ್ ತಿಯಾಗೊ 1997ರಲ್ಲಿ ಆಟಗಾರನಾಗಿಯೂ 2004ರಲ್ಲಿ ತರಬೇತುದಾರನಾಗಿಯೂ ಗೆದ್ದುಕೊಟ್ಟ ಲೀಗ್ ಪ್ರಶಸ್ತಿಗಳು ಅದಕ್ಕಿಂತ ಎಷ್ಟೋ ಶುಭ್ರವಾದವು.

ಬೆಂಬಲಿಗರನ್ನು ‘ಬೊನೆಕ್’ ಎನ್ನುತ್ತಾರೆ. ‘ಬೊಂದೊ ನೆಕಾತ್’ ಎಂಬ ಜಾವಾ ಭಾಷೆಯ ನುಡಿಗಟ್ಟಿನ ಮೊಟಕು ರೂಪವಿದು. ಭಂಡಧೈರ್ಯವೇ ಬಂಡವಾಳ ಎಂದು ಕನ್ನಡಕ್ಕೆ ತರಬಹುದು. ಎಂಬತ್ತರ ದಶಕದ ಕೊನೆಯಲ್ಲಿ ಇವರನ್ನು ಗುಂಪುಗುಂಪಾಗಿ ಜಕಾರ್ತಾಕ್ಕೆ ಹೊರಡಿಸಿದ್ದು ‘ಜಾವಾ ಪೊಸ್’ ಎಂಬ ಸ್ಥಳೀಯ ದಿನಪತ್ರಿಕೆ ಎಂಬುದನ್ನು, ಪತ್ರಿಕೆಯೊಂದರ ಸಂಪಾದಕರಿಗೆ ಬರೆಯುತ್ತಿರುವುದರಿಂದ, ಹೇಳದಿರಲಾರೆ. ಟಿಕೆಟ್ಟಿಲ್ಲದೆ ರೈಲು ಹತ್ತಿ, ದಾರಿಯುದ್ದಕ್ಕೂ ದಾಂಧಲೆ ನಡೆಸಿದರೆಂಬ ಅಪಖ್ಯಾತಿಯೂ ಇವರಿಗೆ ಅಂಟಿದೆ, ಅದು ಸುಳ್ಳೂ ಅಲ್ಲ.

ಈಗ ತಿರುಳಿಗೆ ಬರುತ್ತೇನೆ. 2009–10ರ ಋತುವಿನ ಕೊನೆಯಲ್ಲಿ ಕೆದಿರಿ ನಗರದ ಪೆರ್ಸಿಕ್ ತಂಡ ಪೊಲೀಸ್ ಅನುಮತಿ ಸಿಗದೆ ತನ್ನ ಅಂಗಳದ ಪಂದ್ಯವನ್ನು ನಡೆಸಲಾರದೆ ಹೋಯಿತು. ನಿಯಮದಂತೆ ಗೆಲುವು ಪೆರ್ಸೆಬಾಯಾಕ್ಕೆ ಸಲ್ಲಬೇಕಿತ್ತು. ಪಿಎಸ್‌ಎಸ್‌ಐ ಹಾಗೆ ಮಾಡದೆ ಪಂದ್ಯವನ್ನು ಮುಂದೂಡುತ್ತಾ, ಸ್ಥಳ ಬದಲಿಸುತ್ತಾ ಹೋಗಿ ಕೊನೆಗೆ ಸುಮಾತ್ರಾದ ಪಾಲೆಂಬಾಂಗ್‌ನಲ್ಲಿ ಆಡಿರೆಂದಿತು. ಪೆರ್ಸೆಬಾಯಾ ಒಲ್ಲೆನೆಂದಿತು, ಸೋತಿತೆಂದು ಘೋಷಿಸಲ್ಪಟ್ಟಿತು, ಕೆಳಗಿನ ದರ್ಜೆಗೆ ಬಿತ್ತು. ಮುನಿದ ಆಡಳಿತಗಾರರು 2011ರಲ್ಲಿ ಆರಂಭವಾದ ಬಂಡಾಯ ಲೀಗಿಗೆ ‘ಪೆರ್ಸೆಬಾಯಾ 1927’ ಎಂಬ ಹೆಸರಿನಲ್ಲಿ ಹೋದರು. ಇತ್ತ ಅಧಿಕೃತ ಲೀಗಿನಲ್ಲಿ, ಕಲಿಮಂತಾನ್‌ನ ಪಶ್ಚಿಮ ಕುತಾಯ್ ಜಿಲ್ಲೆಯ ಪೆರ್ಸಿಕುಬಾರ್ ಎಂಬ ತಂಡದ ಪರವಾನಗಿಯನ್ನು ತಂದು, ಅದಕ್ಕೆ ಅದೇ ಹೆಸರನ್ನೂ ಅದೇ ಹಸಿರು ಬಣ್ಣವನ್ನೂ ತೊಡಿಸಿ ಇನ್ನೊಂದು ಪೆರ್ಸೆಬಾಯಾವನ್ನು ನಿಲ್ಲಿಸಲಾಯಿತು. ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ತಂಡಗಳು. ಬಂಡಾಯದ ತಂಡಕ್ಕೆ ನಡುವೆ ಕೆಲಕಾಲ ಮಾನ್ಯತೆ ಸಿಕ್ಕಿದ್ದರೂ, 2013ರಲ್ಲಿ ಎರಡು ಲೀಗ್‌ಗಳನ್ನು ಒಂದುಗೂಡಿಸುವ ಹೊತ್ತಿಗೆ ಅದನ್ನು ಹೊರಗಿಡಲಾಯಿತು.

ಎರಡನೆಯ ತಂಡಕ್ಕೆ ಲೀಗ್ ಇತ್ತು, ವೇಳಾಪಟ್ಟಿಯಿತ್ತು, ಗೆಲುವೂ ಇತ್ತು. ಬೊನೆಕ್‌ಗಳಲ್ಲಿ ಹೆಚ್ಚಿನವರು ಮಾತ್ರ ಅದರ ಪಂದ್ಯಗಳತ್ತ ಸುಳಿಯಲಿಲ್ಲ. ತಮ್ಮ ತಂಡಕ್ಕೆ ಆಡಲು ಲೀಗೇ ಇಲ್ಲದ ವರ್ಷಗಳಲ್ಲಿ ಅವರು ಬೀದಿಯಲ್ಲಿ ಮೆರವಣಿಗೆ ಮಾಡಿದರು, ಹೆಸರಿನ ಮತ್ತು ಲಾಂಛನದ ಹಕ್ಕಿಗಾಗಿ ನಡೆದ ಕಾನೂನು ಹೋರಾಟವನ್ನು ಬೆನ್ನುಬಿಡದೆ ಕಾದರು. ಸರ್ಕಾರದೊಂದಿಗಿನ ಜಗಳದಿಂದ 2015ರ ಮೇ ತಿಂಗಳಿನಿಂದ 2016ರ ಮೇವರೆಗೆ ಇಡೀ ದೇಶವೇ ಫಿಫಾ ನಿಷೇಧಕ್ಕೊಳಗಾದ ಕಾಲದಲ್ಲೂ ಅವರ ಹಟ ಸಡಿಲಲಿಲ್ಲ. ಹೆಸರು ತನಗೆ ದಕ್ಕದೆಂದಾದಾಗ ಆ ಇನ್ನೊಂದು ತಂಡ ಬೇರೆಬೇರೆ ಹೆಸರುಗಳನ್ನು ತೊಟ್ಟು ಕಳಚಿ, 2016ರಲ್ಲಿ ಪೊಲೀಸ್ ಇಲಾಖೆಯ ತಂಡದೊಂದಿಗೆ ಬೆರೆತು ಭಯಂಕರಾ ಆಯಿತು. (ಈ ಹೆಸರು ಕೇಳಿ ಕನ್ನಡಿಗರು ಬೆಚ್ಚಬೇಕಿಲ್ಲ, ಅಲ್ಲಿ ಅದು ಕಾವಲುಗಾರರಿಗೆ ಸಲ್ಲುವ ಗೌರವದ ಪದ.) 2016ರ ಆಗಸ್ಟ್‌ನಲ್ಲಿ ಸಾವಿರಾರು ಬೊನೆಕ್‌ಗಳು ಜಕಾರ್ತಾಕ್ಕೆ ಹೋಗಿ ಬೀಡುಬಿಟ್ಟರು. 2017ರ ಜನವರಿ 8ರಂದು ಬಾಂಡುಂಗ್‌ನಲ್ಲಿ ನಡೆದ ಪಿಎಸ್‌ಎಸ್‌ಐ ಮಹಾಸಭೆ ಇನ್ನೂ ಕೆಲವು ಕ್ಲಬ್‌ಗಳೊಂದಿಗೆ ಪೆರ್ಸೆಬಾಯಾದ ಸದಸ್ಯತ್ವವನ್ನು ಮರಳಿಸಿತು.

ಆಮೇಲಿನ ವರ್ಷವನ್ನು ಕಥೆಗಾರನೊಬ್ಬ ಹೀಗೆ ಬರೆದಿದ್ದರೆ ಅತಿಯಾಯಿತೆನ್ನುತ್ತಿದ್ದೆವು. 2017ರ ನವೆಂಬರ್‌ನಲ್ಲಿ ಭಯಂಕರಾ ಮೊದಲ ದರ್ಜೆಯ ಲೀಗನ್ನು ಗೆದ್ದಿತು. ಅಂಕಗಳಲ್ಲಿ ಬಾಲಿ ಯುನೈಟೆಡ್‌ನೊಂದಿಗೆ ಸಮನಾಗಿದ್ದ ಅದಕ್ಕೆ, ಅನರ್ಹ ಆಟಗಾರನನ್ನು ಎದುರಾಳಿ ಆಡಿಸಿದ್ದ ಕಾರಣ ದಯಪಾಲಿಸಲಾದ ಒಂದು ಗೆಲುವೂ ನೆರವಾಗಿತ್ತು. ಅದೇ ತಿಂಗಳ 28ರಂದು ಬಾಂಡುಂಗ್‌ನಲ್ಲಿ ಪೆರ್ಸೆಬಾಯಾ ಮೆದಾನ್ ನಗರದ ಪಿಎಸ್‌ಎಂಎಸ್ ತಂಡವನ್ನು 3–2ರಿಂದ ಮಣಿಸಿ ಎರಡನೆಯ ದರ್ಜೆಯ ಚಾಂಪಿಯನ್ ಆಯಿತು. ಚಾಂಪಿಯನ್ನರ ಅಂಗಳ ಖಾಲಿಯಿತ್ತು, ಕೆಳದರ್ಜೆಯವರ ಗ್ಯಾಲರಿ ತುಂಬಿತ್ತು. 2019ರಲ್ಲಿ ಪೆರ್ಸೆಬಾಯಾ ಮೊದಲ ದರ್ಜೆಯಲ್ಲಿ ಎರಡನೆಯ ಸ್ಥಾನಕ್ಕೇರಿತು.

ಹಾಗೆಂದು ಬೆಂಬಲಿಗರೇ ಒಡೆಯರಾದರೆಂದು ಬರೆದರೆ ಅದು ಭಾವುಕತೆಯಾದೀತು. 2017ರಲ್ಲಿ ಕಂಪನಿಯ ಶೇ 70ರಷ್ಟು ಪಾಲನ್ನು ಕೊಂಡದ್ದು ಅದೇ ಜಾವಾ ಪೊಸ್ ಸಮೂಹ. ಉಳಿದ ಶೇ 30ರಷ್ಟು ಪಾಲು ಕೇರಿಯ ಕ್ಲಬ್‌ಗಳ ಸಹಕಾರ ಸಂಘದಲ್ಲಿ ಉಳಿಯಿತು. ಒಕ್ಕೂಟದ ಹಳೆಯ ಬೇರು ಕಾಗದದ ಮೇಲೂ ಪೂರ್ತಿ ಕಡಿದುಹೋಗಲಿಲ್ಲ ಎಂಬುದಷ್ಟೇ ನನ್ನ ಸಮಾಧಾನ.

ಕಂಜುರುಹಾನ್‌ನ ಆ ರಾತ್ರಿ ಗ್ಯಾಲರಿಯಲ್ಲಿ ಪೆರ್ಸೆಬಾಯಾ ಬೆಂಬಲಿಗರು ಇರಲಿಲ್ಲ. ಹಗೆತನಕ್ಕೆ ಹೆದರಿ ಅವರಿಗೆ ಪ್ರವೇಶವನ್ನೇ ನಿರಾಕರಿಸಲಾಗಿತ್ತು. ಸತ್ತವರಲ್ಲಿ ಬಹುಪಾಲು ಅರೆಮಾದ ಜನ, ಅವರ ಮೇಲೆ ವಾಯು ಸಿಡಿಸಿದವರು ಪೊಲೀಸರು. ಆದರೂ ಅದನ್ನು ಎರಡು ಬಣಗಳ ಹೊಡೆದಾಟವೆಂಬಂತೆ ಬರೆದವರಿದ್ದರು. ದಶಕಗಳ ಹಗೆಯನ್ನು ಬದಿಗಿಟ್ಟು ಬೊನೆಕ್‌ಗಳು ಸುರಬಾಯಾದಲ್ಲಿ ಅರೆಮಾದ ಮೃತರಿಗಾಗಿ ಪ್ರಾರ್ಥಿಸಿದ್ದು ಎಷ್ಟು ಓದುಗರಿಗೆ ತಿಳಿದಿದೆ?

ಭಯಂಕರಾ ತಂಡ ಜಕಾರ್ತಾ ಬಳಿಯ ಬೆಕಾಸಿಯಲ್ಲಿ ಆಡಿ, ದರ್ಜೆ ಇಳಿದು, ಮತ್ತೆ ಏರಿ, 2025ರಲ್ಲಿ ಸುಮಾತ್ರಾದ ಲಾಂಪುಂಗ್‌ಗೆ ಮನೆ ಬದಲಿಸಿದೆ. ಇನ್ನು ಮುಂದೆ ತಮ್ಮ ಕ್ರೀಡಾಪುಟದಲ್ಲಿ ಇಂಡೊನೇಷ್ಯಾದ ಲೀಗ್‌ನ ಅಂಕಪಟ್ಟಿಗೆ ಎಂದಾದರೂ ನಾಲ್ಕು ಸಾಲಿನ ಜಾಗ ಸಿಕ್ಕರೆ, ಈ ಎರಡೂ ಹೆಸರುಗಳನ್ನು ಅದರಲ್ಲಿ ಹುಡುಕುವ ಓದುಗ ನಾನೊಬ್ಬನಾದರೂ ಇದ್ದೇನೆ.

ಇತಿ,
ತಮ್ಮ ಬಹುಕಾಲದ ಓದುಗ