ಸಬ್‌ವೂಫರ್: ಇಂಚು, ವ್ಯಾಟ್‌ಗಳ ಆಚೆಗಿನ ಲೆಕ್ಕ

ಮಾನ್ಯ ಸಂಪಾದಕರೇ,

ಹೋಮ್ ಥಿಯೇಟರ್ ಸಲಕರಣೆಗಳನ್ನು ಪರಿಚಯಿಸುವ ಬರಹಗಳನ್ನು ತಮ್ಮ ಪತ್ರಿಕೆಯಲ್ಲೂ ಬೇರೆಡೆಯೂ ನಾನು ಬಿಡದೆ ಓದುತ್ತೇನೆ. ಪರದೆಯ ಅಳತೆ, ಸ್ಪೀಕರುಗಳ ಸಂಖ್ಯೆ, ಸ್ಪೀಕರುಗಳಿಗೆ ಸದ್ದನ್ನು ಹಂಚುವ ರಿಸೀವರಿನ ಸೌಲಭ್ಯಗಳು ಇವೆಲ್ಲವನ್ನೂ ವಿವರವಾಗಿ ಬರೆಯುವವರು ಸಬ್‌ವೂಫರಿನ, ಅಂದರೆ ಮಂದ್ರ ಸದ್ದುಗಳನ್ನಷ್ಟೇ ನುಡಿಸುವ ಸ್ಪೀಕರ್ ಪೆಟ್ಟಿಗೆಯ ವಿಷಯಕ್ಕೆ ಬಂದಾಗ ಮಾತ್ರ ಇಷ್ಟು ಇಂಚು, ಇಷ್ಟು ವ್ಯಾಟ್ ಎಂದು ಎರಡು ಅಂಕಿ ಹೇಳಿ ಮುಂದೆ ಸಾಗುತ್ತಾರೆ. ಆ ಎರಡೇ ಅಂಕಿಗಳನ್ನು ನಂಬಿ ಪೆಟ್ಟಿಗೆಯನ್ನು ಮನೆಗೆ ತಂದು, ಹೆಚ್ಚುಕಡಿಮೆ ಒಂದು ವರ್ಷ ಅದರೊಡನೆ ಹೆಣಗಿದವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ತಂದ ಪೆಟ್ಟಿಗೆಯ ಹೊರಮೈ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದ್ದ ವ್ಯಾಟ್ ಸಂಖ್ಯೆ ಕ್ಷಣಮಾತ್ರದ ಗರಿಷ್ಠ ಶಕ್ತಿಯದು. ಎಡೆಬಿಡದೆ ಕೊಡಬಲ್ಲ ಆರ್‌ಎಂಎಸ್ ಶಕ್ತಿ ಅದರ ಮೂರನೆಯ ಒಂದು ಪಾಲೆಂಬುದು ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ಹೋಗಲಿ, ಆರ್‌ಎಂಎಸ್ ಅಂಕಿಯನ್ನೇ ಹಿಡಿದರೂ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೆ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಜೋರೆನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕಾಗುತ್ತದೆ. ಉಳಿದೆಲ್ಲ ಒಂದೇ ಆಗಿದ್ದು, 200 ವ್ಯಾಟಿನದನ್ನು ಬಿಟ್ಟು 300 ವ್ಯಾಟಿನದನ್ನು ಕೊಂಡವರಿಗೆ ದಕ್ಕುವ ಲಾಭ 2 ಡೆಸಿಬಲ್‌ಗಿಂತಲೂ ಕಡಿಮೆ.

ಆಯ್ಕೆ ಆರಂಭವಾಗಬೇಕಾದದ್ದು ಮನೆಯಲ್ಲಿ ಈಗಾಗಲೇ ಇರುವ ಸ್ಪೀಕರುಗಳಿಂದ. ಅವು ಎಷ್ಟು ಹರ್ಟ್ಸ್‌ವರೆಗೆ (ಸೆಕೆಂಡಿಗೆ ಇಷ್ಟು ಕಂಪನ ಎಂಬ ಅಳತೆ, ಅಂಕಿ ಇಳಿದಷ್ಟೂ ಸ್ವರ ಮಂದ್ರ) ಕಷ್ಟವಿಲ್ಲದೆ ಇಳಿಯಬಲ್ಲವೋ ಅಲ್ಲಿಂದ ಕೆಳಗಿನದನ್ನು ಸಬ್‌ವೂಫರ್ ವಹಿಸಿಕೊಳ್ಳಬೇಕು. ಈ ಕೈ ಬದಲಾಯಿಸುವ ಜಾಗಕ್ಕೇ ಕ್ರಾಸ್‌ಓವರ್ ಎನ್ನುವುದು. ಚಿತ್ರಮಂದಿರ, ಹೋಮ್ ಥಿಯೇಟರ್‌ಗಳ ಸದ್ದಿನ ಗುಣಮಟ್ಟವನ್ನು ಪ್ರಮಾಣೀಕರಿಸುವ ಟಿಎಚ್‌ಎಕ್ಸ್ ಸಂಸ್ಥೆ ಇದಕ್ಕೆ 80 ಹರ್ಟ್ಸ್ ಗೊತ್ತುಮಾಡಿರುವುದು ಸುಮ್ಮನೆ ಅಲ್ಲ. ಅದಕ್ಕಿಂತ ಕೆಳಗಿನ ಸ್ವರಗಳ ತರಂಗಾಂತರ ನಾಲ್ಕು ಮೀಟರಿಗಿಂತ ಹೆಚ್ಚಿರುವುದರಿಂದ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಕಿವಿ ಸುಲಭವಾಗಿ ಗುರುತಿಸಲಾರದು, ಪೆಟ್ಟಿಗೆ ಎಲ್ಲಿದ್ದರೂ ಗುಡುಗು ಪರದೆಯಿಂದಲೇ ಬಂದಂತೆ ತೋರುತ್ತದೆ. ಆದರೆ ಅಂಗೈಯಗಲದ ಪುಟ್ಟ ಸ್ಪೀಕರುಗಳನ್ನು ಇಟ್ಟುಕೊಂಡವರು ಕ್ರಾಸ್‌ಓವರನ್ನು 150 ಹರ್ಟ್ಸ್‌ವರೆಗೆ ಏರಿಸಲೇಬೇಕಾಗುತ್ತದೆ. ಗಂಡು ದನಿಯ ಮೂಲಸ್ವರ ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸಿನಲ್ಲಿರುವುದರಿಂದ ಪಾತ್ರ ಪರದೆಯ ನಡುವೆ ನಿಂತು ಮಾತಾಡುತ್ತಿದ್ದರೆ ಅದರ ಕಂಠದ ಮಂದ್ರ ಭಾಗ ಮೂಲೆಯ ಪೆಟ್ಟಿಗೆಯೊಳಗಿಂದ ಕೇಳಿಬರುತ್ತದೆ. ಒಮ್ಮೆ ಗಮನಕ್ಕೆ ಬಂದಿತೆಂದರೆ ಇದು ಕಾಲಿಗೆ ಚುಚ್ಚಿದ ಮುಳ್ಳಿನಂತೆ, ಚಿತ್ರ ಮುಗಿಯುವವರೆಗೂ ಬಿಡದು. ಅಂಥವರು ಪೆಟ್ಟಿಗೆಯನ್ನು ಮುಂದಿನ ಸ್ಪೀಕರುಗಳ ಬಳಿಯೇ ಇಡಬೇಕು, ಮತ್ತು ಕೆಳಗಿನ ಆಳದಷ್ಟೇ ಮೇಲಿನ 150 ಹರ್ಟ್ಸ್‌ನಲ್ಲೂ ಸ್ವಚ್ಛವಾಗಿ ನುಡಿಯುವ ಸಬ್‌ವೂಫರನ್ನೇ ಆರಿಸಬೇಕು. ಸ್ಪೀಕರುಗಳ ಕಂಪನಿಯದೇ ಸಬ್‌ವೂಫರ್ ಆಗಬೇಕೆಂದು ನನಗೆ ಮಾರಿದವರು ಒತ್ತಿ ಹೇಳಿದ್ದರು. ನಡುವಿನ ಸೆಂಟರ್ ಸ್ಪೀಕರಿಗೆ ಆ ಮಾತು ಒಪ್ಪುತ್ತದೆ. ಸಬ್‌ವೂಫರಿಗೆ ಅಲ್ಲ, 80 ಹರ್ಟ್ಸ್ ಕೆಳಗೆ ಹೊಂದಿಸಬೇಕಾದ ದನಿಯ ಬಣ್ಣವೇ ಹೆಚ್ಚು ಉಳಿದಿರುವುದಿಲ್ಲ.

ಎತ್ತರದ ಟವರ್ ಸ್ಪೀಕರುಗಳಿರುವವರು ತಮಗೆ ಸಬ್‌ವೂಫರ್ ಬೇಡವೆನ್ನುವುದುಂಟು. ಚಿತ್ರದ ಸದ್ದಿನ ಚಾನೆಲ್‌ಗಳನ್ನು ಎಣಿಸುವ 5.1 ಎಂಬುದರಲ್ಲಿನ ಆ .1 ಎಂದರೆ 120 ಹರ್ಟ್ಸ್‌ವರೆಗಿನ ಮಂದ್ರಕ್ಕೇ ಮೀಸಲಾದ ಪ್ರತ್ಯೇಕ ಚಾನೆಲ್ ಎಂಬುದನ್ನೂ, ಅದನ್ನು ಉಳಿದ ಚಾನೆಲ್‌ಗಳಿಗಿಂತ 10 ಡೆಸಿಬಲ್ ಹೆಚ್ಚಿಸಿ ನುಡಿಸುವುದು ವಾಡಿಕೆಯೆಂಬುದನ್ನೂ ಅವರು ಗಮನಿಸಬೇಕು. ಆ ಹೊರೆಯನ್ನು ಟವರುಗಳ ಮೇಲೆ ಹೊರಿಸುವುದು ಅವುಗಳಿಗೂ ರಿಸೀವರಿಗೂ ಹಿಂಸೆ.

ಇನ್ನು ಆಳದ ಲೆಕ್ಕ. ‘20 ಹರ್ಟ್ಸ್‌ವರೆಗೆ’ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ, ಎಷ್ಟು ಡೆಸಿಬಲ್ ಕುಸಿತದೊಂದಿಗೆ ಎಂಬುದನ್ನು ಕೇಳದೆ ಬಿಡಬಾರದು. 3 ಡೆಸಿಬಲ್ ಇಳಿದು 20 ಹರ್ಟ್ಸ್ ಮುಟ್ಟುವ ಪೆಟ್ಟಿಗೆಗೂ 10 ಡೆಸಿಬಲ್ ಇಳಿದು ಮುಟ್ಟುವ ಪೆಟ್ಟಿಗೆಗೂ ಅಜಗಜಾಂತರವಿದೆ. ಸದ್ದಿನ ಮಟ್ಟ ಅಷ್ಟೇ ಇರಬೇಕೆಂದರೆ 40 ಹರ್ಟ್ಸ್‌ಗಿಂತ 20 ಹರ್ಟ್ಸ್‌ನಲ್ಲಿ ಸಬ್‌ವೂಫರಿನ ಶಂಕು (ಹಿಂದೆ ಮುಂದೆ ಆಡಿ ಸದ್ದು ಹೊಮ್ಮಿಸುವ ಭಾಗ) ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. ಇಂಚಿನ ಮಾತಿಗೆ ಬೆಲೆ ಬರುವುದು ಇಲ್ಲಿಯೇ: 12 ಇಂಚಿನ ಶಂಕುವಿನ ಹರವು 8 ಇಂಚಿನದರ ಎರಡೂಕಾಲು ಪಟ್ಟು. ಆದರೂ ಅದು ಎಷ್ಟು ದೂರ ಹಿಂದೆ ಮುಂದೆ ಆಡಬಲ್ಲದು ಎಂಬುದನ್ನು ಇಂಚು ಹೇಳುವುದಿಲ್ಲ. ಸಿಟಿಎ-2010 ಎಂಬ ಅಳತೆಯ ಕ್ರಮವೊಂದಿದೆ. ಒಂದೊಂದು ಆವರ್ತನದಲ್ಲೂ ಚುಟುಕು ಸದ್ದನ್ನು ಕೊಟ್ಟು, ದನಿ ನಿಗದಿತ ಮಿತಿ ಮೀರಿ ಒಡೆಯುವ ಮುನ್ನ ಎಷ್ಟು ಡೆಸಿಬಲ್ ಹೊಮ್ಮುತ್ತದೆಂದು ಇದು ದಾಖಲಿಸುತ್ತದೆ. ಸಿಕ್ಕಿದರೆ ಈ ಪಟ್ಟಿಯನ್ನೇ ನಂಬಬೇಕು, ಒಂದು ಮೀಟರ್ ದೂರದ ಅಂಕಿಯನ್ನು ಎರಡು ಮೀಟರಿನ ಅಂಕಿಯೊಡನೆ ಹೋಲಿಸಿ ಮೋಸಹೋಗಬಾರದು, ಅಷ್ಟರಲ್ಲೇ 6 ಡೆಸಿಬಲ್ ವ್ಯತ್ಯಾಸವಿರುತ್ತದೆ. ಮುಚ್ಚಿದ ಪೆಟ್ಟಿಗೆಯೋ ರಂಧ್ರವಿರುವ ಪೆಟ್ಟಿಗೆಯೋ ಎಂಬ ಚರ್ಚೆ ಇದರ ಮುಂದೆ ಚಿಕ್ಕದು: ರಂಧ್ರದ್ದು ಅದೇ ಶಂಕುವಿನಿಂದ ತನ್ನ ಶ್ರುತಿಯ, ಅಂದರೆ ರಂಧ್ರವನ್ನು ಹೊಂದಿಸಿಟ್ಟ ಆವರ್ತನದ ಬಳಿ ಹೆಚ್ಚು ಸದ್ದು ತೆಗೆದು ಅದರ ಕೆಳಗೆ ಕಡಿದಾಗಿ ಬೀಳುತ್ತದೆ, ಗಾತ್ರದಲ್ಲೂ ದೊಡ್ಡದು, ಮುಚ್ಚಿದ್ದು ಚಿಕ್ಕದಾಗಿದ್ದು ಮೆಲ್ಲಗೆ ಇಳಿಯುತ್ತದೆ.

ನನ್ನ ಹೆಣಗಾಟಕ್ಕೆ ನಿಜವಾದ ಕಾರಣ ಇವು ಯಾವುವೂ ಆಗಿರಲಿಲ್ಲ, ಕೋಣೆಯಾಗಿತ್ತು. ನನ್ನ ಕೋಣೆಯ ಉದ್ದ 5 ಮೀಟರ್. ಸೋಫಾ ಇದ್ದದ್ದು ಸರಿಯಾಗಿ ನಡುವೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ, ಆ ಉದ್ದಕ್ಕೆ ಮೊದಲ ಅನುರಣನ (ಗೋಡೆಗಳ ನಡುವೆ ಪ್ರತಿಫಲಿಸಿ ತಾನಾಗಿ ಉಬ್ಬುವ ಸ್ವರ) ಬೀಳುವುದು 34 ಹರ್ಟ್ಸ್‌ನಲ್ಲಿ, ಎರಡನೆಯದು ಅದರ ಇಮ್ಮಡಿಯಲ್ಲಿ. ಮೊದಲನೆಯದರ ಒತ್ತಡ ಕೋಣೆಯ ನಡುವೆ ಸೊನ್ನೆ, ಎರಡನೆಯದರದು ಅಲ್ಲಿಯೇ ಗರಿಷ್ಠ. ಹೀಗಾಗಿ ನನ್ನ ಪಾಲಿಗೆ ಆಳದ ಗುಡುಗು ಬರಲೇ ಇಲ್ಲ, ಅದು ಬರಲೆಂದು ಗುಂಡಿ ತಿರುಗಿಸಿದಷ್ಟೂ ಮೇಲಿನ ‘ಗುಂಯ್’ ಮಾತ್ರ ಹೆಚ್ಚಿ ಪುಸ್ತಕದ ಬೀರುವಿನ ಗಾಜು ಗಟಗಟನೆ ನಡುಗುತ್ತಿತ್ತು. ಗೋಡೆಗೆ ಒರಗಿ ನಿಂತ ಮಗನಿಗೆ ಕೇಳುತ್ತಿದ್ದ ಗುಡುಗು ಸೋಫಾದಲ್ಲಿದ್ದ ನನಗೆ ಕೇಳದಿದ್ದುದರಿಂದಲೇ ನನಗೆ ಅನುಮಾನ ಹುಟ್ಟಿದ್ದು. ರಿಸೀವರಿನ ಸ್ವಯಂ ಹೊಂದಾಣಿಕೆಯಿಂದ ಉಬ್ಬನ್ನು ತಗ್ಗಿಸಬಹುದೇ ಹೊರತು ಇಂಥ ಹಳ್ಳವನ್ನು ತುಂಬಲಾಗದು. ಸುರಿದ ಶಕ್ತಿಯೆಲ್ಲ ಅಲ್ಲಿಯೇ ಅಳಿದುಹೋಗುತ್ತದೆ. ಕೊನೆಗೆ ಸೋಫಾವನ್ನು ಮುಕ್ಕಾಲು ಮೀಟರ್ ಹಿಂದಕ್ಕೆ ಸರಿಸಿ, ಸಬ್‌ವೂಫರನ್ನು ಸೋಫಾದ ಮೇಲೇರಿಸಿ, ಮಂದ್ರದ ಒಂದೇ ತುಣುಕನ್ನು ಮತ್ತೆಮತ್ತೆ ನುಡಿಸುತ್ತ, ಗೋಡೆಯ ಅಂಚಿನುದ್ದಕ್ಕೂ ಮಂಡಿಯೂರಿ ತೆವಳಿದೆ. ಕಂಡವರು ನಗುವ ದೃಶ್ಯವೇ ಸರಿ, ಆದರೆ ಎಲ್ಲಿ ಸದ್ದು ಸಮನಾಗಿ ಕೇಳಿತೋ ಅಲ್ಲಿಯೇ ಪೆಟ್ಟಿಗೆಯನ್ನಿಟ್ಟಾಗ ವರ್ಷದ ತಲೆನೋವು ಒಂದು ಮಧ್ಯಾಹ್ನದಲ್ಲಿ ಇಳಿಯಿತು. ಹಲವರು ಒಟ್ಟಿಗೆ ಕೂತು ನೋಡುವ ಮನೆಗಳಲ್ಲಿ ಒಂದು ಭಾರೀ ಪೆಟ್ಟಿಗೆಗಿಂತ ಎದುರುಬದುರು ಗೋಡೆಗಳ ನಡುವೆ ಇಟ್ಟ ಎರಡು ಸಾಧಾರಣ ಪೆಟ್ಟಿಗೆಗಳು ಎಲ್ಲ ಆಸನಗಳಿಗೂ ಹೆಚ್ಚು ಸಮನಾಗಿ ಸದ್ದು ಹಂಚುತ್ತವೆ. ಇದನ್ನು ಕೊಳ್ಳುವ ಮುನ್ನವೇ ಯೋಚಿಸಿದರೆ ಒಳಿತು.

ಹೊಂದಿಸುವಾಗ ಆಗುವ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಕ್ರಾಸ್‌ಓವರನ್ನು ರಿಸೀವರ್ ನೋಡಿಕೊಳ್ಳುತ್ತಿದ್ದರೆ ಪೆಟ್ಟಿಗೆಯ ಹಿಂದಿನ ಕ್ರಾಸ್‌ಓವರ್ ಗುಂಡಿಯನ್ನು ಕೊನೆಯವರೆಗೆ ಮೇಲಕ್ಕೇರಿಸಬೇಕು, ಇಲ್ಲವಾದರೆ ಎರಡು ಜರಡಿಗಳು ಒಂದರ ಮೇಲೊಂದು ಕೂತು ನಡುವೆ ಸದ್ದು ತಗ್ಗಿದ ಸಂದು ಉಳಿಯಬಹುದು.

ತಮ್ಮ ಪತ್ರಿಕೆಯ ಪರಿಚಯ ಲೇಖನಗಳಲ್ಲಿ ಇನ್ನು ಮುಂದೆ ಸಬ್‌ವೂಫರಿನ ಹೆಸರಿನೊಡನೆ ಅದರ ಆರ್‌ಎಂಎಸ್ ಶಕ್ತಿ, ಎಷ್ಟು ಡೆಸಿಬಲ್ ಇಳಿಕೆಯಲ್ಲಿ ಎಷ್ಟು ಹರ್ಟ್ಸ್ ಮುಟ್ಟುತ್ತದೆಂಬ ವಿವರ ಮತ್ತು ಲೇಖಕರು ಅದನ್ನು ಕೇಳಿದ ಕೋಣೆಯ ಅಳತೆ, ಈ ಮೂರನ್ನಾದರೂ ಕೊಡಬೇಕೆಂದು ವಿನಂತಿ. ಜಾಗ ಸಾಲದಿದ್ದರೆ ಪೆಟ್ಟಿಗೆಯ ಬಣ್ಣದ ವರ್ಣನೆಯನ್ನು ಕೈಬಿಡಬಹುದು.

ಇತಿ,
ಒಬ್ಬ ಓದುಗ